ವಿಎಂ ಒಳಗೆ ಬೀಳುವ ಪ್ರೋಗ್ರಾಂ, ಹೊರಗೆ ಕೂತು ಹಿಡಿಯುವ ಬಗೆ

ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಒಳಗಿನ ಪ್ರೋಗ್ರಾಂನ ತಪ್ಪನ್ನು ಹೊರಗಿನ ಕಂಪ್ಯೂಟರಿನಿಂದ ಹುಡುಕುವುದು ರಿಮೋಟ್ ಡೀಬಗ್ಗಿಂಗ್. ಅದು ಅಂದರೆ ಡೀಬಗ್ಗರ್‌ನ ಆಜ್ಞೆಗಳನ್ನು ಬಾಯಿಪಾಠ ಮಾಡುವುದು ಅಂತ ಹೊಸಬರು ತಿಳಿದುಕೊಂಡಿರುತ್ತಾರೆ. ಆಜ್ಞೆಗಳು ಹತ್ತಿಪ್ಪತ್ತು, ಒಂದು ವಾರದಲ್ಲಿ ಬಂದುಬಿಡುತ್ತವೆ. ಹೊತ್ತು ತಿನ್ನುವುದು ಎರಡೂ ಕಡೆ ಒಂದೇ ಇದೆಯಾ ಅಂತ ನೋಡುವ ಕೆಲಸ: ಬೈನರಿ (ಕಂಪೈಲ್ ಆದ ಪ್ರೋಗ್ರಾಂ ಫೈಲ್) ಒಂದೇನಾ, ಲೈಬ್ರರಿಗಳು ಒಂದೇನಾ, ಸೋರ್ಸ್‌ನ ದಾರಿ ಸರಿಯಿದೆಯಾ, ಒಳಗೆ ಬರುತ್ತಿರುವ ಡೇಟಾ ಅದೇನಾ. ಈ ನಾಲ್ಕು ಕೂಡಿಬಂದರೆ ಬಗ್ ತಾನಾಗಿ ಕಣ್ಣಿಗೆ ಬೀಳುತ್ತದೆ.

ನಾನು ಕೆಲಸ ಮಾಡುವುದು ವೇಬ್ರಿಡ್ಜ್, ಅಂದರೆ ಗಾಡಿ ತೂಗುವ ಕಾಟಾದ ಸಾಫ್ಟ್‌ವೇರ್ ಮೇಲೆ. ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ಕಾಟಾ ಹತ್ತಿದಾಗ, ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಬರುತ್ತದೆ. ಅದನ್ನು ಓದಿ ಡೇಟಾಬೇಸ್‌ಗೆ ಹಾಕುವುದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ಸರ್ವಿಸ್. ಅದು ಓಡುವುದು ಅಲ್ಲಿನ ಸರ್ವರ್‌ನ ಉಬುಂಟು ವಿಎಂ ಒಳಗೆ, ನಾನಿರುವುದು ಮೈಸೂರಿನಲ್ಲಿ. ಅದನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿ.

ನಡೆಯುತ್ತಿರುವ ವಿಎಂ ಮುಟ್ಟಬೇಡಿ

ಹಂಗಾಮಿನಲ್ಲಿ ಕಾಟಾ ಮುಂದೆ ಟ್ರ್ಯಾಕ್ಟರ್‌ಗಳ ಸಾಲು ನಿಂತಿರುತ್ತದೆ. ಬ್ರೇಕ್‌ಪಾಯಿಂಟ್‌ಗೆ (ಇಲ್ಲಿ ನಿಲ್ಲು ಅಂತ ಡೀಬಗ್ಗರ್‌ನಲ್ಲಿ ಗುರುತು ಹಾಕಿದ ಸಾಲು) ಬಂದು ನಿಂತರೆ ಇಡೀ ಪ್ರೋಗ್ರಾಂ ನಿಂತಹಾಗೆ. ತೂಕ ದಾಖಲಾಗುವುದಿಲ್ಲ, ಡೇಟಾಬೇಸ್ ಕನೆಕ್ಷನ್ ಟೈಮ್‌ಔಟ್ ಆಗುತ್ತದೆ, ಆಮೇಲೆ ನೀವು ನೋಡುವುದು ಮೂಲ ಬಗ್ ಅಲ್ಲ, ನೀವೇ ನಿಲ್ಲಿಸಿದ್ದರಿಂದ ಹುಟ್ಟಿದ ಇನ್ನೊಂದು.

ಅಲ್ಲಿಂದ ತರಬೇಕಾದ್ದು ಕೋರ್ ಡಂಪ್ (ಪ್ರೋಗ್ರಾಂ ಬಿದ್ದ ಕ್ಷಣದ ಅದರ ಮೆಮೊರಿಯ ಪ್ರತಿ) ಮಾತ್ರ. ಎಲ್ಲರೂ ಶೆಲ್‌ನಲ್ಲಿ 'ಯುಲಿಮಿಟ್ -ಸಿ ಅನ್‌ಲಿಮಿಟೆಡ್' ಕೊಟ್ಟು ಕಾಯುತ್ತಾರೆ, ಫೈಲ್ ಬರುವುದೇ ಇಲ್ಲ. ಆ ಮಿತಿ ನಿಮ್ಮ ಶೆಲ್‌ಗೆ ಮಾತ್ರ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಎಬ್ಬಿಸುವ ಸರ್ವಿಸ್‌ಗೆ ಅದರ ಯೂನಿಟ್ ಫೈಲ್‌ನಲ್ಲಿ 'ಲಿಮಿಟ್‌ಕೋರ್=ಇನ್ಫಿನಿಟಿ' ಸಾಲು ಬೇಕು. ಸಿಸ್ಟಮ್‌ಡಿ-ಕೋರ್‌ಡಂಪ್ ಹಾಕಿದ್ದರೆ 'ಕೋರ್‌ಡಂಪ್‌ಸಿಟಿಎಲ್ ಲಿಸ್ಟ್' ಕೊಟ್ಟರೆ ಪಟ್ಟಿ ಸಿಗುತ್ತದೆ.

ನಿಲ್ಲಿಸಿ ನೋಡುವ ಕೆಲಸಕ್ಕೆ ವಿಎಂನ ಕ್ಲೋನ್, ಅಂದರೆ ಪೂರ್ತಿ ನಕಲು ತರಿಸಿಕೊಳ್ಳಿ. ನಾನು ಅದನ್ನು ನನ್ನ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್‌ನಲ್ಲಿ ಓಡಿಸುತ್ತೇನೆ. ವರ್ಚುವಲ್‌ಬಾಕ್ಸ್‌ನಲ್ಲೇ ಕ್ಲೋನ್ ಮಾಡುವುದಾದರೆ ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳಿಗೂ ಹೊಸ ಮ್ಯಾಕ್ ವಿಳಾಸ ಅನ್ನುವ ಆಯ್ಕೆಯನ್ನೇ ಆರಿಸಿ.

ಒಳಗೆ ಹೋಗುವ ದಾರಿ

ವರ್ಚುವಲ್‌ಬಾಕ್ಸ್‌ನ ನ್ಯಾಟ್ ಮೋಡ್‌ನಲ್ಲಿ ಒಳಗಿನ ವಿಎಂಗೆ ಸಾಮಾನ್ಯವಾಗಿ 10.0.2.15 ಅನ್ನುವ ವಿಳಾಸ ಸಿಗುತ್ತದೆ. ಅದು ಹೊರಗೆ ಹೋಗಬಹುದು, ಹೊರಗಿನಿಂದ ನಾವು ಒಳಗೆ ಹೋಗಲಾಗದು. ಆದ್ದರಿಂದ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಒಂದೇ ಒಂದು ನಿಯಮ ಹಾಕಿ: ಹೊರಗಿನ 127.0.0.1ರ 2222ನೇ ಪೋರ್ಟ್, ಒಳಗಿನ 22ಕ್ಕೆ. ಉಳಿದದ್ದೆಲ್ಲ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಲಾಗಿನ್) ಟನಲ್ ಒಳಗೇ ಹೋಗಲಿ. ಎಸ್‌ಎಸ್‌ಎಚ್‌ಗೆ '-ಪಿ 2222' ಜೊತೆಗೆ '-ಎಲ್ 2345:ಲೋಕಲ್‌ಹೋಸ್ಟ್:2345' ಕೊಟ್ಟರೆ ಲ್ಯಾಪ್‌ಟಾಪಿನ 2345ಕ್ಕೆ ಬಂದದ್ದು ವಿಎಂ ಒಳಗಿನ 2345ಕ್ಕೆ ತಲುಪುತ್ತದೆ.

ಇಷ್ಟು ಸುತ್ತು ಯಾಕೆ, ನೇರವಾಗಿ 2345 ತೆರೆದರೆ ಆಗದೇ ಅಂತ ಟೀಮಿನ ಹುಡುಗರು ಕೇಳುತ್ತಲೇ ಇರುತ್ತಾರೆ. 2345ರಲ್ಲಿ ಕಾಯುವ ಜಿಡಿಬಿಸರ್ವರ್‌ಗೆ (ಹೊರಗಿನ ಜಿಡಿಬಿ ಎಂಬ ಡೀಬಗ್ಗರ್ ಹೇಳಿದ್ದನ್ನು ವಿಎಂ ಒಳಗೆ ಮಾಡುವ ಪ್ರೋಗ್ರಾಂ) ಪಾಸ್‌ವರ್ಡೇ ಇಲ್ಲ ಕಣಪ್ಪ. ಆ ಪೋರ್ಟ್ ಮುಟ್ಟಿದವನು ನಿಮ್ಮ ವಿಎಂನಲ್ಲಿ ತನಗೆ ಬೇಕಾದ್ದನ್ನು ಓಡಿಸಬಹುದು.

ಒಳಗೆ ಸರ್ವರ್, ಹೊರಗೆ ಡೀಬಗ್ಗರ್

ವಿಎಂ ಒಳಗೆ 'ಜಿಡಿಬಿಸರ್ವರ್ --ಒನ್ಸ್ ಲೋಕಲ್‌ಹೋಸ್ಟ್:2345' ಎಂದು ಬರೆದು ಮುಂದೆ ಪ್ರೋಗ್ರಾಂ ಹೆಸರು ಕೊಡಿ. ಆಗಲೇ ಓಡುತ್ತಿರುವುದನ್ನು ಹಿಡಿಯಲು '--ಅಟ್ಯಾಚ್' ಹಾಕಿ ಪ್ರೋಸೆಸ್ ನಂಬರ್ ಕೊಡಿ. ಅನುಮತಿ ಇಲ್ಲ ಅಂದರೆ ಅದು ಯಾಮಾ ಎಂಬ ಕರ್ನಲ್ ಕಾವಲು. ಉಬುಂಟುವಿನಲ್ಲಿ ಪಿಟ್ರೇಸ್-ಸ್ಕೋಪ್ ಬೆಲೆ 1 ಇರುವುದರಿಂದ ತಾನು ಹುಟ್ಟಿಸದ ಪ್ರೋಸೆಸ್‌ಗೆ ಡೀಬಗ್ಗರ್ ಅಂಟಿಕೊಳ್ಳಲು ಬಿಡುವುದಿಲ್ಲ. ಅದನ್ನು 0 ಮಾಡಿ ಅಂತ ಕಂಡಕಂಡಲ್ಲಿ ಬರೆದಿರುತ್ತಾರೆ. ಬೇಡ, ಜಿಡಿಬಿಸರ್ವರ್ ಅನ್ನು ಸುಡೋ ಹಾಕಿ ಎಬ್ಬಿಸಿದರೆ ಸಾಕು.

ಹೊರಗೆ ಜಿಡಿಬಿಗೆ ಸಿಂಬಲ್ (ಫಂಕ್ಷನ್, ವೇರಿಯಬಲ್‌ಗಳ ಹೆಸರು) ಇರುವ, ಅಂದರೆ ಅವನ್ನು ಕಿತ್ತುಹಾಕದ, ಸ್ಟ್ರಿಪ್ ಮಾಡದ ಬೈನರಿ ಕೊಡಿ. ವಿಎಂ ಒಳಗೆ ಸ್ಟ್ರಿಪ್ ಆದದ್ದೇ ಇರಲಿ, ತೊಂದರೆಯಿಲ್ಲ, ಆದರೆ ಎರಡೂ ಒಂದೇ ಬಿಲ್ಡ್‌ನಿಂದ ಹುಟ್ಟಿರಬೇಕು. ಎರಡೂ ಕಡೆ 'ಫೈಲ್' ಆಜ್ಞೆ ಕೊಟ್ಟು ಬಿಲ್ಡ್‌ಐಡಿ (ಆ ಬಿಲ್ಡ್‌ನ ಗುರುತಿನ ಸಂಖ್ಯೆ) ಹೋಲಿಸಿ. ಅದೇ ಸೋರ್ಸ್‌ನಿಂದ ಈಗ ತಾನೆ ಬಿಲ್ಡ್ ಮಾಡಿದೆ, ಒಂದೇ ಇರುತ್ತೆ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಕಂಪೈಲರ್‌ನ ಆವೃತ್ತಿ ಬೇರೆಯಾದರೂ ಸಾಕು, ಬ್ರೇಕ್‌ಪಾಯಿಂಟ್ ಒಂದು ಸಾಲಿಗೆ ಇಟ್ಟರೆ ಇನ್ನೊಂದರಲ್ಲಿ ನಿಲ್ಲುತ್ತದೆ.

'ಟಾರ್ಗೆಟ್ ರಿಮೋಟ್ ಲೋಕಲ್‌ಹೋಸ್ಟ್:2345' ಕೊಡುವ ಮೊದಲು ಇನ್ನೆರಡು ಕೆಲಸಗಳಿವೆ. ಸುಮ್ಮನೆ ಬಿಟ್ಟರೆ ಜಿಡಿಬಿ ಎಲ್ಲ ಲೈಬ್ರರಿಗಳನ್ನೂ ವಿಎಂನಿಂದ ಆ ಲೈನ್ ಮೇಲೆಯೇ ಎಳೆದುಕೊಳ್ಳುತ್ತದೆ. ಲ್ಯಾಪ್‌ಟಾಪಿನೊಳಗಿನ ವಿಎಂ ಆದರೆ ಗೊತ್ತೇ ಆಗುವುದಿಲ್ಲ, ದೂರದ ಸರ್ವರ್‌ಗೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಹೋಗಿದ್ದರೆ ಚಹಾ ಕುಡಿದು ಬರಬಹುದು. ವಿಎಂನ ಲಿಬ್ ಮತ್ತು ಯುಎಸ್‌ಆರ್-ಲಿಬ್ ಫೋಲ್ಡರ್‌ಗಳನ್ನು ಆರ್‌ಸಿಂಕ್‌ನಿಂದ ಒಮ್ಮೆ ತಂದಿಟ್ಟು 'ಸೆಟ್ ಸಿಸ್‌ರೂಟ್' ಕೊಟ್ಟು ಆ ಜಾಗ ತೋರಿಸಿ. ನಿಮ್ಮ ಲ್ಯಾಪ್‌ಟಾಪಿನ ಸ್ವಂತ ರೂಟ್ ಫೋಲ್ಡರ್ ಮಾತ್ರ ತೋರಿಸಬೇಡಿ. ಗ್ಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) ಬೇರೆಯಾಗಿ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಬರುತ್ತವೆ. ಎರಡನೆಯದು, ಬಿಲ್ಡ್ ಸರ್ವರ್‌ನಲ್ಲಿದ್ದ ಸೋರ್ಸ್ ದಾರಿ ನಿಮ್ಮಲ್ಲಿ ಇರುವುದಿಲ್ಲವಲ್ಲ, ಅದಕ್ಕೆ 'ಸೆಟ್ ಸಬ್‌ಸ್ಟಿಟ್ಯೂಟ್-ಪಾತ್' ಕೊಟ್ಟು ಹಳೆಯ ದಾರಿ, ಹೊಸ ದಾರಿ ಎರಡನ್ನೂ ಬರೆಯಿರಿ.

ಡೇಟಾ ಕೂಡ ಅದೇ ಇರಬೇಕು

ಆ ಕಾರ್ಖಾನೆಯ ಸರ್ವಿಸ್ ಯಾವಾಗಲೋ ಒಮ್ಮೆ ಬೀಳುತ್ತಿತ್ತು. ಕೋರ್‌ನಲ್ಲಿ ಕಂಡದ್ದು 'ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್' ಅಷ್ಟೇ, ಅಂದರೆ ಬಿಟ್ಟುಕೊಡಬೇಕಾದ ಮೆಮೊರಿಯ ವಿಳಾಸವನ್ನು ಹಿಡಿದಿಡುವ ಪಾಯಿಂಟರ್ ತಪ್ಪಾಗಿದೆ ಅಂತ. ನಮ್ಮ ಸಿಮ್ಯುಲೇಟರ್ ಹಾಕಿ ಕ್ಲೋನ್ ಓಡಿಸಿದರೆ ಏನೂ ಆಗುತ್ತಿರಲಿಲ್ಲ. ಫೋನ್ ಮಾಡಿದಾಗ ಕಾಟಾ ಮೇಲಿನ ಆಪರೇಟರ್ ಅಂದರು: "ಮೇಡಂರೀ, ಕಾಟಾ ತೊಳದ ಮ್ಯಾಲ ಬಂದ್ ಆಗ್ತದ ನೋಡ್ರಿ."

ಇಂಡಿಕೇಟರ್‌ನಿಂದ ಬರುವ ಬೈಟ್‌ಗಳನ್ನು ಹಾಗೇ ಒಂದು ಫೈಲ್‌ಗೆ ಬರೆದಿಡಲು ಹೇಳಿ, ಆ ಫೈಲ್ ತರಿಸಿಕೊಂಡೆ. ಕ್ಲೋನ್ ಒಳಗೆ ಸೋಕ್ಯಾಟ್ ಎಂಬ ಪುಟ್ಟ ಉಪಕರಣ ಒಂದಕ್ಕೊಂದು ಜೋಡಿಸಿದ ಎರಡು ಸುಳ್ಳು ಸೀರಿಯಲ್ ಪೋರ್ಟ್‌ಗಳನ್ನು ಮಾಡಿಕೊಡುತ್ತದೆ. ಒಂದನ್ನು ಪ್ರೋಗ್ರಾಂಗೆ ಕೊಟ್ಟು, ಇನ್ನೊಂದಕ್ಕೆ ಆ ಫೈಲ್ ಸುರಿದರೆ ಕಾಟಾ ನಮ್ಮ ಮೇಜಿಗೇ ಬಂದಹಾಗೆ. ಈ ಸಲ ಬಿತ್ತು.

ಹಾಳಾಗುತ್ತಿದ್ದದ್ದು ಗಾಡಿ ನಂಬರಿನ ಪಾಯಿಂಟರ್. ಯಾರು ಹಾಳು ಮಾಡುತ್ತಿದ್ದಾರೆ ಅಂತ ತಿಳಿಯಲು ಸಾಲುಸಾಲಾಗಿ ಸ್ಟೆಪ್ ಮಾಡುತ್ತಾ ಕೂರಬೇಡಿ, 'ವಾಚ್ -ಎಲ್' ಕೊಟ್ಟು ಆ ಪಾಯಿಂಟರ್ ಹೆಸರು ಬರೆಯಿರಿ. -ಎಲ್ ಇದ್ದರೆ ಜಿಡಿಬಿ ಹೆಸರನ್ನಲ್ಲ, ಆ ವಿಳಾಸವನ್ನೇ ಕಾಯುತ್ತದೆ, ಫಂಕ್ಷನ್ ಮುಗಿದರೂ ಬಿಡುವುದಿಲ್ಲ. ಉತ್ತರದಲ್ಲಿ 'ಹಾರ್ಡ್‌ವೇರ್ ವಾಚ್‌ಪಾಯಿಂಟ್' ಅಂತ ಬಂತಾ ನೋಡಿ. ಎಕ್ಸ್86 ಪ್ರೊಸೆಸರ್‌ನಲ್ಲಿ ಅದಕ್ಕೆ ಇರುವ ರಿಜಿಸ್ಟರ್‌ಗಳು ನಾಲ್ಕೇ. ಬರೀ 'ವಾಚ್‌ಪಾಯಿಂಟ್' ಅಂತ ಬಂದರೆ ಅಳಿಸಿಬಿಡಿ. ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸುತ್ತಾ ಟನಲ್‌ನಲ್ಲಿ ಹೋಗಿಬಂದು ಮಾಡುತ್ತದೆ, ಮುಗಿಯುವುದಿಲ್ಲ.

ನಿಂತ ಜಾಗ ತೂಕವನ್ನು ಕಾಪಿ ಮಾಡುವ ಸಾಲು. ತೂಕಕ್ಕೆ ಇಟ್ಟ ಜಾಗ 8 ಬೈಟ್: ಏಳು ಅಂಕಿ, ಕೊನೆಗೊಂದು ಸೊನ್ನೆ ಬೈಟ್. ಕಾಟಾ ಮೇಲೆ ಕೆಸರು ಕೂತಾಗ ಸೊನ್ನೆ ಹೊಂದಿಸಿರುತ್ತಾರೆ. ಆಮೇಲೆ ತೊಳೆದರೆ ಖಾಲಿ ಕಾಟಾ ಮೈನಸ್ ತೋರಿಸುತ್ತದೆ. ಮೈನಸ್ ಚಿಹ್ನೆ ಸೇರಿ ಎಂಟು ಅಕ್ಷರ ಆಯಿತು, ಕೊನೆಯ ಸೊನ್ನೆ ಬೈಟ್ ಪಕ್ಕದಲ್ಲಿದ್ದ ಪಾಯಿಂಟರ್‌ನ ಮೊದಲ ಬೈಟ್ ಮೇಲೆ ಬಿತ್ತು. ಆ ಬೈಟ್ ಮೊದಲೇ ಸೊನ್ನೆ ಇದ್ದರೆ ಏನೂ ಆಗದು, ಹಾಗಾಗಿ ತೊಳೆದಾಗಲೆಲ್ಲ ಬೀಳುತ್ತಿರಲಿಲ್ಲ. ನಮ್ಮ ಸಿಮ್ಯುಲೇಟರ್ ಮೈನಸ್ ತೂಕ ಕಳಿಸಿದ್ದೇ ಇಲ್ಲ. ಪಾಪ, ಅಷ್ಟು ದಿನ ಎಲ್ಲರೂ ವಿಎಂ ಅನ್ನು ಬೈದಿದ್ದರು.

ಬೇರೆ ಭಾಷೆಯವರಿಗೆ

ಟನಲ್ ಅದೇ, ಪೋರ್ಟ್ ಬೇರೆ. ಜಾವಾದಲ್ಲಿ ಜಿಡಿಬಿಸರ್ವರ್‌ನ ಕೆಲಸ ಮಾಡುವ ಜೆಡಿಡಬ್ಲ್ಯೂಪಿ ಏಜೆಂಟ್‌ಗೆ ಸಾಮಾನ್ಯವಾಗಿ 5005 ಕೊಡುತ್ತಾರೆ. ಜಾವಾ 9ರಿಂದ ಬರೀ ಪೋರ್ಟ್ ನಂಬರ್ ಬರೆದರೆ ಲೋಕಲ್‌ಹೋಸ್ಟ್‌ಗೆ ಮಾತ್ರ ತೆರೆಯುತ್ತದೆ, ನಮಗೆ ಬೇಕಾದ್ದೂ ಅದೇ. ಜಾವಾ 8ರಲ್ಲಿ ಎಲ್ಲ ಕಡೆಗೂ ತೆರೆದುಕೊಳ್ಳುತ್ತದೆ, ಹುಷಾರು. ಶುರುವಿನಲ್ಲೇ ಬೀಳುವ ಪ್ರೋಗ್ರಾಂ ಆದರೆ ಡೀಬಗ್ಗರ್ ಬರುವವರೆಗೆ ಕಾಯುವಂತೆ ಸಸ್ಪೆಂಡ್‌ಗೆ 'ವೈ' ಕೊಡಿ. ಪೈಥಾನ್‌ನಲ್ಲಿ ಆ ಕೆಲಸಕ್ಕೆ ಡೀಬಗ್‌ಪೈ, ಪೋರ್ಟ್ 5678. ವಿಎಸ್ ಕೋಡ್‌ನ ಪಾತ್‌ಮ್ಯಾಪಿಂಗ್ಸ್ (ಒಳಗಿನ, ಹೊರಗಿನ ಸೋರ್ಸ್ ದಾರಿಗಳ ಜೋಡಣೆ) ತಪ್ಪಿದ್ದರೆ ಬ್ರೇಕ್‌ಪಾಯಿಂಟ್ ಬೂದು ಬಣ್ಣದಲ್ಲೇ ಉಳಿಯುತ್ತದೆ. ವಿಂಡೋಸ್ ವಿಎಂನಲ್ಲಿ ವಿಷುವಲ್ ಸ್ಟುಡಿಯೋ 2022ರ ರಿಮೋಟ್ ಡೀಬಗ್ಗರ್ 4026ರಲ್ಲಿ ಕಾಯುತ್ತದೆ.

ಸ್ನ್ಯಾಪ್‌ಶಾಟ್ (ಮತ್ತೆ ಹಿಂದಿರುಗಲು ಉಳಿಸಿಟ್ಟ ವಿಎಂನ ಸ್ಥಿತಿ) ತೆಗೆಯುವುದಾದರೆ ಜಿಡಿಬಿಸರ್ವರ್ ಎಬ್ಬಿಸುವ ಮೊದಲು ತೆಗೆಯಿರಿ. ಹಿಂದಕ್ಕೆ ಹೋದ ಮೇಲೆ ಹಳೆಯ ಟಿಸಿಪಿ ಕನೆಕ್ಷನ್ ಬದುಕಿರುವುದಿಲ್ಲ, ವಿಎಂನ ಗಡಿಯಾರವೂ ಒಮ್ಮೆಲೇ ಮುಂದೆ ಜಿಗಿದು ಟೈಮರ್‌ಗಳನ್ನು ಕೆಡಿಸಬಹುದು.

ಕೆಲಸ ಮುಗಿದ ಮೇಲೆ 'ಎಸ್‌ಎಸ್ -ಎಲ್‌ಟಿಎನ್' ಕೊಟ್ಟು 2345 ಮುಚ್ಚಿದೆಯಾ ನೋಡಿ, ಫಾರ್ವರ್ಡಿಂಗ್ ನಿಯಮ ತೆಗೆಯಿರಿ. ಕೋರ್ ಫೈಲ್‌ಗಳಲ್ಲಿ, ಕ್ಲೋನ್‌ನ ಡೇಟಾಬೇಸ್‌ನಲ್ಲಿ ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಎಲ್ಲ ಇರುತ್ತವೆ. ಮೈನಸ್ ತೂಕದ ಆ ಕೆಲವು ಸಾಲುಗಳನ್ನು ಟೆಸ್ಟ್ ಫೋಲ್ಡರ್‌ಗೆ ಹಾಕಿಕೊಂಡು, ಉಳಿದದ್ದನ್ನೆಲ್ಲ ಲ್ಯಾಪ್‌ಟಾಪಿನಿಂದ ಅಳಿಸಿ.