ಯಾವ ಪಕ್ಷದ್ದೂ ಅಲ್ಲದ ಯುವ ತಂಡ: ಸೇರಿದ ಮೇಲೆ ಕಲಿತದ್ದು

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ‘ನೀವು ಯಾರ ಕಡೆಯವರು?’ ಯಾರ ಕಡೆಯೂ ಅಲ್ಲ ಅಂದರೆ ಸುಲಭಕ್ಕೆ ನಂಬುವುದಿಲ್ಲ. ನಂಬದಿರುವುದು ತಪ್ಪೇನಲ್ಲ. ಚುನಾವಣೆ ಹತ್ತಿರ ಬಂದಾಗ ಹುಟ್ಟಿಕೊಂಡು, ಫಲಿತಾಂಶ ಬಂದ ಮೇಲೆ ಕಾಣದೇ ಹೋಗುವ ಯುವ ವೇದಿಕೆಗಳನ್ನು ನಾವೆಲ್ಲ ನೋಡಿದ್ದೇವೆ. ಇಂಥ ತಂಡ ಸೇರಬೇಕು ಅಂತ ಮನಸ್ಸಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ನಾನು ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. 2018ರ ವಿಧಾನಸಭಾ ಚುನಾವಣೆ ಹತ್ತಿರದಲ್ಲಿತ್ತು. ಹಾಸ್ಟೆಲಿನಲ್ಲಿ ಊಟ ಮುಗಿದರೆ ರಾಜಕೀಯದ್ದೇ ಮಾತು. ಅಷ್ಟು ಮಾತಾಡುವವರಲ್ಲಿ ಎಷ್ಟೋ ಜನರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೊಡಗು, ಚಾಮರಾಜನಗರ, ಕೊಪ್ಪಳದಿಂದ ಬಂದವರು. 18 ತುಂಬಿದಾಗ ಊರಲ್ಲಿರಲಿಲ್ಲ, ಇಲ್ಲಿ ಯಾರೂ ಕೇಳಲಿಲ್ಲ. ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಸಂವಿಧಾನದ 61ನೇ ತಿದ್ದುಪಡಿ. 1989ರಲ್ಲಿ ಅದು ಜಾರಿಗೆ ಬಂತು. ಅಷ್ಟು ಹಿಂದೆ ಸಿಕ್ಕಿದ ಹಕ್ಕು ನನ್ನ ರೂಮಿನ ಗೆಳೆಯನ ಕೈಗೆ ಇನ್ನೂ ಬಂದಿಲ್ಲವಲ್ಲ ಅನ್ನುವುದು ನನ್ನನ್ನು ಬಹಳ ಕಾಡಿತು.

ಕ್ಯಾಂಪಸ್ಸಿನಲ್ಲಿ ಆಗ ಎರಡು ಮೂರು ತಂಡಗಳು ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದವು. ಎಲ್ಲರೂ ‘ಪಕ್ಷಾತೀತ’ ಅಂತಲೇ ಹಾಕಿಕೊಂಡಿದ್ದರು. ನಾನು ಮೊದಲು ಕೇಳಿದ್ದು ಹಣದ ಬಗ್ಗೆ. ಕರಪತ್ರ ಮುದ್ರಿಸುವುದಕ್ಕೆ, ಬಸ್ ಚಾರ್ಜಿಗೆ, ಚಹಾಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಒಂದು ತಂಡದಲ್ಲಿ ‘ಅದೆಲ್ಲ ಮೇಲಿನವರು ನೋಡಿಕೊಳ್ತಾರೆ’ ಅಂದರು. ಅಲ್ಲಿಗೆ ಮತ್ತೆ ಹೋಗಲಿಲ್ಲ. ನಾನು ಸೇರಿದ ತಂಡದಲ್ಲಿ ಹಿರಿಯ ಅಕ್ಕ ಒಬ್ಬರು ಲೆಕ್ಕದ ಪುಸ್ತಕವನ್ನೇ ಮುಂದಿಟ್ಟರು. ಸದಸ್ಯರ ವಂತಿಗೆ, ಕೆಲವು ಮೇಷ್ಟರು ಮತ್ತು ಅಂಗಡಿಯವರು ಕೊಟ್ಟ ಸಣ್ಣ ಮೊತ್ತ, ಪ್ರತಿಯೊಂದಕ್ಕೂ ರಸೀದಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆದ ಸಂಘ ಅದು. ವರ್ಷಕ್ಕೊಮ್ಮೆ ಲೆಕ್ಕ ಕೊಡಲೇಬೇಕು. ಪದಾಧಿಕಾರಿಗಳಲ್ಲಿ ಯಾರಾದರೂ ಪಕ್ಷದಲ್ಲಿ ಹುದ್ದೆ ಹಿಡಿದಿದ್ದಾರಾ ಅಂತಲೂ ಕೇಳಿದೆ. ಹೋದ ವರ್ಷ ಚುನಾವಣೆ ಇರಲಿಲ್ಲ, ಆಗ ಏನು ಮಾಡಿದಿರಿ ಅಂತಲೂ ಕೇಳಿದೆ. ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಚುನಾವಣೆ ಇಲ್ಲದ ವರ್ಷದಲ್ಲಿ ಹೇಳಿಕೊಳ್ಳುವಂಥ ಕೆಲಸ ಇಲ್ಲದ ತಂಡವನ್ನು ದಯವಿಟ್ಟು ಸೇರಬೇಡಿ.

ಸೇರುವಾಗ ಒಂದು ಹಾಳೆಗೆ ಸಹಿ ಹಾಕಬೇಕಿತ್ತು. ತಂಡದಲ್ಲಿ ಇರುವವರೆಗೆ ಪಕ್ಷದ ಹುದ್ದೆ ಹಿಡಿಯುವಂತಿಲ್ಲ, ಪ್ರಚಾರಕ್ಕೆ ಹೋಗುವಂತಿಲ್ಲ. ಚುನಾವಣೆ ಘೋಷಣೆ ಆದ ದಿನದಿಂದ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಯಾವ ನಾಯಕರ ಫೋಟೋವನ್ನೂ ಹಾಕುವಂತಿಲ್ಲ. ಈ ಸ್ಟೇಟಸ್ ನಿಯಮದ ಮೇಲೆ ದೊಡ್ಡ ಚರ್ಚೆಯೇ ಆಯಿತು. ‘ನನ್ನ ಫೋನು ನನ್ನದಲ್ವಾ?’ ಅಂತ ಒಬ್ಬ ಗೆಳೆಯ ಎದ್ದು ಹೋದ. ಅವನ ಮಾತಿನಲ್ಲಿ ನ್ಯಾಯ ಇದೆ. ಆದರೂ ನಿಯಮವೇ ಸರಿ ಅಂತ ನನಗೆ ಅನಿಸಿತು, ಈಗಲೂ ಹಾಗೇ ಅನಿಸುತ್ತದೆ. ಬೆಳಿಗ್ಗೆ ಒಬ್ಬರ ಮನೆಗೆ ಹೋಗಿ ಫಾರ್ಮ್ ತುಂಬಿಸಿ, ಅವರ ಹತ್ತಿರ ನನ್ನ ನಂಬರು ಬಿಟ್ಟು ಬರುತ್ತೇನೆ. ಸಂಜೆ ಅವರು ನನ್ನ ಸ್ಟೇಟಸ್ ನೋಡುತ್ತಾರೆ. ಅಲ್ಲಿ ಒಂದು ಪಕ್ಷದ ಬಾವುಟ ಕಂಡರೆ ನಾನು ತುಂಬಿಸಿದ ಫಾರ್ಮಿನ ಮೇಲೂ ಅನುಮಾನ ಬರುತ್ತದೆ. ನಮಗೆಲ್ಲ ಅಭಿಪ್ರಾಯ ಇದೆ, ಬಲವಾಗಿಯೇ ಇದೆ. ಮತಗಟ್ಟೆಯೊಳಗೆ ನಾನೂ ಒಂದು ಗುಂಡಿ ಒತ್ತುತ್ತೇನೆ. ಅದನ್ನು ಬೇರೆಯವರ ಹೊಸ್ತಿಲಿಗೆ ಕೊಂಡೊಯ್ಯುವುದಿಲ್ಲ, ಅಷ್ಟೇ.

ತರಬೇತಿಯ ಬಹುಪಾಲು ಇದನ್ನೇ ಅಭ್ಯಾಸ ಮಾಡುವುದು. ಒಬ್ಬರು ಮನೆಯವರಾಗುತ್ತಾರೆ, ಇನ್ನೊಬ್ಬರು ಕಾರ್ಯಕರ್ತರು. ‘ಯಾರಿಗೆ ಹಾಕಬೇಕು ಹೇಳಪ್ಪ’ ಅಂದರೆ ಏನನ್ನುವುದು? ‘ಎಲ್ಲ ಕಳ್ಳರೇ’ ಅಂದರೆ ತಲೆ ಆಡಿಸಬಹುದಾ? ಆಡಿಸಬಾರದು. ಅದೂ ಒಂದು ರಾಜಕೀಯ ಮಾತೇ. ‘ನೋಟಾಕ್ಕೆ ಜಾಸ್ತಿ ಬಂದರೆ ಚುನಾವಣೆ ರದ್ದಾಗುತ್ತಲ್ವಾ?’ ಅಂತ ತುಂಬ ಜನ ಕೇಳುತ್ತಾರೆ. ಸುಪ್ರೀಂ ಕೋರ್ಟಿನ ತೀರ್ಪಿನಿಂದ 2013ರಲ್ಲಿ ನೋಟಾ, ಅಂದರೆ ‘ಇವರಲ್ಲಿ ಯಾರೂ ಬೇಡ’ ಅನ್ನುವ ಗುಂಡಿ ಬಂತು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಅದಕ್ಕೆ ಎಷ್ಟೇ ಓಟು ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಓಟು ಪಡೆದವರೇ ಗೆಲ್ಲುತ್ತಾರೆ. ಇದನ್ನು ಇದ್ದ ಹಾಗೆ ಹೇಳಬೇಕು. ‘ಹಾಕಿ’ ಅನ್ನಬಾರದು, ‘ಹಾಕಬೇಡಿ’ ಅಂತಲೂ ಅನ್ನಬಾರದು.

ನನ್ನ ಮೊದಲ ಕೆಲಸ ಹಾಸ್ಟೆಲಿನಲ್ಲೇ ಸಿಕ್ಕಿತು. ಹಾಸ್ಟೆಲ್ ವಿದ್ಯಾರ್ಥಿಗಳ ಹೆಸರು ಸೇರಿಸುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಅವರು ಹುಟ್ಟೂರಿನ ವಿಳಾಸದಲ್ಲೂ ನೋಂದಾಯಿಸಬಹುದು, ಹಾಸ್ಟೆಲ್ ವಿಳಾಸದಲ್ಲೂ ನೋಂದಾಯಿಸಬಹುದು. ಹಾಸ್ಟೆಲ್ ವಿಳಾಸ ಆದರೆ ಇಲ್ಲಿ ಓದುತ್ತಿದ್ದಾರೆ ಅಂತ ಕಾಲೇಜಿನ ಮುಖ್ಯಸ್ಥರು ಕೊಡುವ ಪತ್ರವನ್ನು ಹೆಸರು ಸೇರಿಸುವ ಅರ್ಜಿಯಾದ ಫಾರ್ಮ್ 6ರ ಜೊತೆ ಲಗತ್ತಿಸಬೇಕು. ಎರಡೂ ಕಡೆ ಹೆಸರು ಇರುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು.

ಹಾಗಾದರೆ ಎಲ್ಲಿ ಸೇರಿಸುವುದು? ಇಲ್ಲಿ ನಾವು ಸಲಹೆ ಕೊಡುತ್ತಿರಲಿಲ್ಲ, ಯೋಚನೆಗೆ ಬೇಕಾದ್ದನ್ನು ಹೇಳುತ್ತಿದ್ದೆವು. ವಿಧಾನಸಭೆ, ಲೋಕಸಭೆ ಚುನಾವಣೆ ಬರುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಅದು ಪರೀಕ್ಷೆಯ ಕಾಲ. ಕೊಪ್ಪಳಕ್ಕೆ ಹೋಗಿ ಓಟು ಹಾಕಿ ಬರಲು ಎಷ್ಟು ಜನಕ್ಕೆ ಆಗುತ್ತದೆ? ಆದರೆ ಹೆಸರನ್ನು ಇಲ್ಲಿಗೆ ತಂದರೆ ಊರಿನ ಗ್ರಾಮ ಪಂಚಾಯಿತಿಯ ಓಟು ಕೈಬಿಟ್ಟು ಹೋಗುತ್ತದೆ. ಪಂಚಾಯಿತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಇದನ್ನು ಕೇಳಿದ ಮೇಲೆ ಹಳ್ಳಿಯಿಂದ ಬಂದ ಹಲವರು ಊರಲ್ಲೇ ಇರಲಿ ಅಂದರು. ‘ನಮ್ಮೂರ ನೀರಿನ ಪೈಪು ಹಾಕಿಸೋದು ಎಮ್ಮೆಲ್ಲೆ ಅಲ್ಲ, ಪಂಚಾಯ್ತಿ ಮೆಂಬರು’ ಅಂದ ಚಾಮರಾಜನಗರದ ಹುಡುಗಿಯ ಮಾತು ನನಗೆ ಬಹಳ ಹಿಡಿಸಿತು. ಒಂದು ಅರ್ಜಿ ತುಂಬುವ ನೆಪದಲ್ಲಿ ಅವಳು ಸರ್ಕಾರದ ಮೂರು ಹಂತಗಳನ್ನೂ ಅಳೆದು ನೋಡಿದ್ದಳು.

ಈಗ ಆ ಕೆಲಸ ಇನ್ನೂ ಸಲೀಸು. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಅಂತ ನಾಲ್ಕು ಅರ್ಹತಾ ದಿನಗಳಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ವಿಳಾಸ ಬದಲಾವಣೆಗೆ ಮೊದಲು ಫಾರ್ಮ್ 6, ಫಾರ್ಮ್ 8ಎ ಅಂತ ಗೊಂದಲ ಇತ್ತು. ಈಗ ಎಲ್ಲದಕ್ಕೂ ಫಾರ್ಮ್ 8 ಸಾಕು. ಹೊಸದಾಗಿ ತಂಡ ಸೇರಿದವರಿಗೆ ನಾನು ಹೇಳುವುದು, ಪಿಯು ಕಾಲೇಜಿಗೆ ಹೋಗಿ ಅಂತ. ಡಿಗ್ರಿ ಮುಗಿಸಿದವರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಎರಡನೇ ಪಿಯುಸಿ ಕ್ಲಾಸಿನಲ್ಲಿ ಅರ್ಧ ದಿನ ಕೂರುವುದು ಎಷ್ಟೋ ವಾಸಿ.

ಮನೆಮನೆ ಕೆಲಸ ಬೇರೆ ಥರದ್ದು. ಕೈಯಲ್ಲಿ ಒಂದು ಭಾಗದ ಮುದ್ರಿತ ಪಟ್ಟಿ, ಪೆನ್ನು. ಮನೆಯವರಿಗೆ ಅವರ ಹೆಸರು ತೋರಿಸುವುದು, ಕಾಗುಣಿತ ಸರಿ ಇದೆಯಾ ಕೇಳುವುದು, ಬೇಕಾದರೆ ಆ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅಂದರೆ ಬಿಎಲ್‌ಒ ಯಾರು ಅಂತ ತಿಳಿಸುವುದು. ಬಿಎಲ್‌ಒ ಅಂದರೆ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಶಿಕ್ಷಕರು. ತಮ್ಮ ದಿನದ ಕೆಲಸದ ಮೇಲೆ ಇದನ್ನೂ ಹೊತ್ತವರು. ಅವರ ಜೊತೆ ಅಧಿಕಾರದ ಮಾತು ಬೇಡ. ‘ಮೇಡಂ, ಈ ಬೀದಿ ನಾವು ನೋಡಿಕೊಂಡು ಬರ್ತೀವಿ, ನೀವು ಪರಿಶೀಲನೆ ಮಾಡಿ’ ಅಂದರೆ ಕೆಲಸ ಚೆನ್ನಾಗಿ ಸಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ತಂಡ ಬಹಳ ಬಿಗಿ. ಹೆಸರು ತೆಗೆಸುವ ಫಾರ್ಮ್ 7 ಅನ್ನು ನಾವು ಯಾರ ಪರವಾಗಿಯೂ ತುಂಬುವುದಿಲ್ಲ. ‘ಆ ಮನೆ ಖಾಲಿ, ಅವರು ಬಿಟ್ಟು ಹೋದರು, ತೆಗೆಸಿಬಿಡಿ’ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು. ಆದರೆ ಆ ಮನೆಯವರು ದುಡಿಮೆಗೆ ಹೋಗಿರಬಹುದು, ಹಬ್ಬಕ್ಕೆ ಬರಬಹುದು. ಸತ್ತವರ ಹೆಸರಿದ್ದರೆ ಅವರ ಕುಟುಂಬದವರಿಗೇ ಫಾರ್ಮ್ ಕೊಟ್ಟು ಬರುತ್ತೇವೆ. ಸೇರಿಸುವಾಗ ಒಂದು ತಪ್ಪಾದರೆ ಸರಿಪಡಿಸಬಹುದು. ಮತಗಟ್ಟೆಗೆ ಬಂದ ಮೇಲೆ ಹೆಸರಿಲ್ಲ ಅಂತ ಗೊತ್ತಾದವರಿಗೆ ಆ ದಿನ ಯಾರೂ ಏನೂ ಮಾಡಲಾಗುವುದಿಲ್ಲ.

ಅಭ್ಯರ್ಥಿಗಳನ್ನೆಲ್ಲ ಒಂದೇ ವೇದಿಕೆಗೆ ಕರೆಯುವ ಕಾರ್ಯಕ್ರಮ ನನಗೆ ಎಲ್ಲಕ್ಕಿಂತ ಇಷ್ಟ. 2023ರ ವಿಧಾನಸಭಾ ಚುನಾವಣೆಯಲ್ಲಿ ಅದರ ಜವಾಬ್ದಾರಿ ನನ್ನ ಮೇಲಿತ್ತು. ನೀತಿ ಸಂಹಿತೆ ಜಾರಿಯಲ್ಲಿರುವುದರಿಂದ ಸಭೆಗೆ, ಮೈಕಿಗೆ ಮೊದಲೇ ಅನುಮತಿ ಬೇಕು. ಖರ್ಚಿನ ವಿವರವನ್ನೂ ನಾವು ಅಧಿಕಾರಿಗಳಿಗೆ ಮುಂಚೆಯೇ ಕೊಟ್ಟೆವು. ಅಂತಿಮ ಪಟ್ಟಿಯಲ್ಲಿರುವ ಎಲ್ಲರಿಗೂ, ಪಕ್ಷೇತರರಿಗೂ, ಒಂದೇ ಪತ್ರ ಹೋಗಬೇಕು. ಇಬ್ಬರು ದೊಡ್ಡವರನ್ನು ಮಾತ್ರ ಕರೆದರೆ ಅದು ನಮ್ಮ ತಂಡದ ಕೊನೆ ಅಂತಲೇ ತಿಳಿಯಿರಿ. ಯಾರು ಎಲ್ಲಿ ಕೂರಬೇಕು ಅಂತ ಚೀಟಿ ಎತ್ತಿದೆವು. ಪ್ರಶ್ನೆಗಳನ್ನು ಜನರೇ ಹಾಳೆಯಲ್ಲಿ ಬರೆದು ಕೊಟ್ಟರು. ಆರಿಸಿದ ಪ್ರಶ್ನೆಯನ್ನು ಎಲ್ಲರಿಗೂ ಅದೇ ಮಾತಿನಲ್ಲಿ ಕೇಳಿದೆವು, ಎಲ್ಲರಿಗೂ ಅಷ್ಟೇ ಸಮಯ. ಬಾರದವರ ಹೆಸರಿನ ಖಾಲಿ ಕುರ್ಚಿ ಇಡೋಣ ಅಂತ ಕೆಲವರು ಪಟ್ಟು ಹಿಡಿದರು. ನಾನು ಬೇಡ ಅಂದೆ. ಬಾರದವರ ಬಗ್ಗೆ ಜನ ತಾವೇ ತೀರ್ಮಾನಿಸುತ್ತಾರೆ, ನಾವು ಬೆರಳು ತೋರಿಸಬೇಕಿಲ್ಲ.

ಬಾಗಿಲಲ್ಲಿ ಒಂದು ಹಾಳೆ ಹಂಚಿದೆವು. ಪ್ರತಿ ಅಭ್ಯರ್ಥಿ ಫಾರ್ಮ್ 26ರ ಪ್ರಮಾಣಪತ್ರದಲ್ಲಿ ತಾವೇ ಬರೆದುಕೊಟ್ಟ ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣಗಳ ವಿವರ. ಇಂಥ ಮಾಹಿತಿ ಪಡೆಯುವ ಹಕ್ಕು ಮತದಾರರಿಗೆ ಗಟ್ಟಿಯಾಗಿ ಸಿಕ್ಕಿದ್ದು ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ. ಅದರ ಹಿಂದೆ ಇದ್ದದ್ದು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್. 1999ರಲ್ಲಿ ಅಹಮದಾಬಾದ್ ಐಐಎಂನ ಪ್ರಾಧ್ಯಾಪಕರು ಸೇರಿ ಕಟ್ಟಿದ್ದು. ಯಾವ ಪಕ್ಷಕ್ಕೂ ಸೇರದ ಕೆಲವು ಮೇಷ್ಟರು ಕೋರ್ಟಿಗೆ ಹೋಗಿ ಇಡೀ ದೇಶದ ಚುನಾವಣೆಗೆ ಇಂಥದ್ದೊಂದು ಹಾಳೆ ತಂದರಲ್ಲ ಅಂತ ನೆನೆದಾಗಲೆಲ್ಲ ನನಗೆ ಹುರುಪು ಬರುತ್ತದೆ. ನಮ್ಮ ಹಾಳೆಯಲ್ಲಿ ನಾವು ಒಂದು ವಿಶೇಷಣವನ್ನೂ ಸೇರಿಸಲಿಲ್ಲ. ‘ಭಾರಿ ಆಸ್ತಿ’ ಅಂತ ಬರೆಯಲಿಲ್ಲ, ಅಂಕಿ ಮಾತ್ರ ಬರೆದೆವು.

ಆ ಸಲ ರಾಜ್ಯದ ಮತದಾನ ಶೇ. 73 ದಾಟಿತು, ಬೆಂಗಳೂರು ನಗರದಲ್ಲಿ ಶೇ. 55ರ ಆಸುಪಾಸಿನಲ್ಲೇ ನಿಂತಿತು. ನಗರದವರಿಗೆ ಆಸಕ್ತಿ ಇಲ್ಲ ಅಂತ ಸುಮ್ನೆ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ಮನೆ ಬದಲಾಗುತ್ತಲೇ ಇರುತ್ತದೆ, ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ಫಾರ್ಮ್ 8ರ ಕೆಲಸ ಚುನಾವಣೆ ಇಲ್ಲದಾಗ ನಡೆಯಬೇಕು.

ಚುನಾವಣೆ ಇಲ್ಲದಾಗ ನಮ್ಮ ಕೈಗೆ ಜಾಸ್ತಿ ಬರುವುದು ಮಾಹಿತಿ ಹಕ್ಕಿನ ಅರ್ಜಿ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೊಸಬರಿಗೆ ಇದನ್ನು ಬರೆಯಲು ಕೂರಿಸುತ್ತೇವೆ. ‘ನಮ್ಮ ಬೀದಿಯ ಚರಂಡಿ ಯಾಕೆ ಹೀಗಿದೆ?’ ಅಂದರೆ ಉತ್ತರ ಬರುವುದಿಲ್ಲ. ಕಾಮಗಾರಿಯ ಆದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಪಾವತಿ ಬಿಲ್ಲಿನ ಪ್ರತಿ ಕೊಡಿ ಅಂದರೆ ಬರುತ್ತದೆ. ಮೈಸೂರು ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋದ ಮೇಲಂತೂ ಈ ಅರ್ಜಿಗಳ ಬೆಲೆ ಇನ್ನೂ ಹೆಚ್ಚಾಯಿತು. ಬೀದಿಯ ದೂರು ಹೇಳಲು ವಾರ್ಡಿನ ಸದಸ್ಯರೇ ಇಲ್ಲದಾಗ ಕಾಗದದ ಮೇಲಿನ ಪ್ರಶ್ನೆಯೇ ಗತಿ.

ತಂಡದಿಂದ ಪಕ್ಷಕ್ಕೆ ಹೋಗುವವರೂ ಇದ್ದಾರೆ. ಕೆಲವರು ಇದನ್ನು ದ್ರೋಹ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಪಕ್ಷಗಳಿಗೂ ಒಳ್ಳೆಯ ಹುಡುಗರು ಬೇಕು. ನಾವು ಕೇಳುವುದು ಮೊದಲು ರಾಜೀನಾಮೆ ಕೊಟ್ಟು ಹೋಗಿ, ತಂಡದ ಫೋನ್ ನಂಬರುಗಳ ಪಟ್ಟಿ ಒಯ್ಯಬೇಡಿ ಅಂತ ಮಾತ್ರ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಒಬ್ಬ ಗೆಳತಿ ಊರಿನಿಂದ ನಿಂತಳು. ನಮ್ಮಲ್ಲಿ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ವಯಸ್ಸು 21 ಆಗಿದ್ದರೆ ನಿಲ್ಲಬಹುದು. ಆದರೂ ನಾಮಪತ್ರಕ್ಕೆ ಮೊದಲೇ ಅವಳು ರಾಜೀನಾಮೆ ಬರೆದುಕೊಟ್ಟಳು. ಅವಳ ಊರಿಗೆ ನಾವು ಯಾರೂ ಪ್ರಚಾರಕ್ಕೆ ಹೋಗಲಿಲ್ಲ. ನಾಮಪತ್ರ ತುಂಬುವುದು ಹೇಗೆ ಅಂತ ಅವಳು ಫೋನಿನಲ್ಲಿ ಕೇಳಿದಾಗ ಹೇಳಿಕೊಟ್ಟೆ. ಎರಡು ದಿನ ಬಿಟ್ಟು ಅವಳ ಎದುರು ನಿಂತವರ ಮಗ ಅದೇ ಪ್ರಶ್ನೆಗೆ ಫೋನು ಮಾಡಿದ. ಅವನಿಗೂ ಅಷ್ಟೇ ಹೊತ್ತು ಕೂತು ಹೇಳಿಕೊಟ್ಟೆ.