ಮೊದಲ ಬಾಸ್ ಹಿಡಿಯುವುದು ಹೇಗೆ?

ನನ್ನ ಮೊದಲ ಬಾಸ್ ಮೀನು ಸಿಕ್ಕಿದಾಗ ನಾನು ಮೀನು ಹಿಡಿಯುತ್ತಲೇ ಇರಲಿಲ್ಲ. ಕೊಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ರೀಲ್‌ನಲ್ಲಿ ಸಿಕ್ಕಾಗಿದ್ದ ದಾರ ಬಿಡಿಸುತ್ತಿದ್ದೆ. ಅದು ಮೂರನೇ ದಿನದ ಬೆಳಗು. ಹಿಂದಿನ ಎರಡು ದಿನ ಎಸೆದಿದ್ದು, ಸುತ್ತಿದ್ದು, ಮತ್ತೆ ಎಸೆದಿದ್ದು ಅಷ್ಟೇ. ಮೀನು ಮುಟ್ಟಿಯೂ ನೋಡಿರಲಿಲ್ಲ. ಈಗ ಗಾಳಕ್ಕೆ ಸಿಕ್ಕಿಸಿದ್ದ ರಬ್ಬರ್ ಹುಳು ನೀರಿನ ತಳದಲ್ಲಿ ಎರಡು ಮೂರು ನಿಮಿಷ ಸುಮ್ಮನೆ ಬಿದ್ದಿತ್ತು. ಸಿಕ್ಕು ಬಿಡಿಸಿ ತಲೆ ಎತ್ತಿದರೆ ದಾರ ನಾನು ಎಸೆದ ಜಾಗದಲ್ಲಿ ಇರಲಿಲ್ಲ. ಮುಳುಗಿದ್ದ ಮರದ ದಿಮ್ಮಿಯ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು.

‘ಭಾವ, ಇದು ಎಲ್ಲೋ ಹೋಗ್ತಿದೆ’ ಅಂದೆ.

‘ಹೋಗ್ತಿದ್ರೆ ಮೀನು ಕಣೋ! ಏನ್ ನೋಡ್ತಾ ಕೂತಿದೀಯ, ಎಳಿ!’

ಎರಡು ದಿನ ನಾನು ಮಾಡಿದ ತಪ್ಪು ಏನು ಅಂತ ಗೊತ್ತಾಗಿದ್ದು ಆಗಲೇ. ಹುಳುವಿಗೆ ಬಿಡುವೇ ಕೊಟ್ಟಿರಲಿಲ್ಲ. ಹಾಗಾಗಿ ಕೆಳಗೆ ಹೇಳುವ ಹಂತಗಳಲ್ಲಿ ‘ಸುಮ್ಮನಿರುವುದು’ ಎಂಬ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದದ್ದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಮೊದಲು ಮೀನಿನ ಗುರುತು

ಬಾಸ್ ಅಂದ ಕೂಡಲೇ ನಮಗೆ ನೆನಪಾಗುವುದು ಆಫೀಸಿನ ಬಾಸ್. ಕನ್ನಡದಲ್ಲಿ ಎರಡನ್ನೂ ಬರೆಯುವುದು ಒಂದೇ ಥರ, ಏನು ಮಾಡೋಣ. ಇದು ಸಿಹಿನೀರಿನ ಮೀನು. ಮೂಲ ಉತ್ತರ ಅಮೆರಿಕ. ಅಲ್ಲಿಂದ ಜನ ಒಯ್ದು ಬಿಟ್ಟದ್ದರಿಂದ ಈಗ ಜಪಾನ್, ಸ್ಪೇನ್, ದಕ್ಷಿಣ ಆಫ್ರಿಕಾದ ನೀರಲ್ಲೂ ನೆಲೆ ನಿಂತಿದೆ.

ಮುಖ್ಯವಾಗಿ ಎರಡು ಬಗೆ: ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್. ಬಾಯಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬಾಯಿ ಮುಚ್ಚಿದಾಗ ಮೇಲ್ದವಡೆಯ ಕೊನೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಲಾರ್ಜ್‌ಮೌತ್. ಕಣ್ಣಿನ ಕೆಳಗೇ ನಿಂತರೆ ಸ್ಮಾಲ್‌ಮೌತ್. ಲಾರ್ಜ್‌ಮೌತ್‌ನ ಮೈ ಹಸಿರು, ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಕಪ್ಪು ಪಟ್ಟೆ. ಸ್ಮಾಲ್‌ಮೌತ್ ಕಂದು ಬಣ್ಣ, ಪಟ್ಟೆಗಳು ಮೇಲಿಂದ ಕೆಳಕ್ಕೆ. ಮೊದಲ ಸಲ ಹೋಗುವವರಿಗೆ ಲಾರ್ಜ್‌ಮೌತ್ ವಾಸಿ. ಅದಕ್ಕೆ ನಿಂತ ನೀರು, ಕಳೆ, ಜೊಂಡು ಇಷ್ಟ. ದೋಣಿ ಬೇಕಿಲ್ಲ, ದಂಡೆಯಿಂದಲೇ ಸಿಗುತ್ತದೆ.

ಸಾಮಾನು

ಆರೂವರೆ ಅಥವಾ ಏಳು ಅಡಿಯ, ತೀರಾ ಗಡಸೂ ಅಲ್ಲದ ತೀರಾ ಬಳುಕದ ಒಂದು ಕೋಲು. ಅದರ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲ್. ಹತ್ತು ಪೌಂಡ್ ತಡೆಯುವ ನೈಲಾನ್ ದಾರ. 3/0 ಅಳತೆಯ, ಕುತ್ತಿಗೆ ಹತ್ತಿರ ಮಡಿಸಿದಂತಿರುವ, ಹುಳು ಸಿಕ್ಕಿಸುವ ಕೊಕ್ಕೆ. ಹುಳುವನ್ನು ತಳಕ್ಕೆ ಇಳಿಸಲು ಬುಲೆಟ್ ಆಕಾರದ, ಐದು ಗ್ರಾಂ ಆಸುಪಾಸಿನ ತೂತಿರುವ ಗುಂಡು. ಆರು ಇಂಚಿನ ರಬ್ಬರ್ ಹುಳುಗಳ ಒಂದು ಪೊಟ್ಟಣ. ಮೂತಿ ಚೂಪಾದ ಇಕ್ಕಳ. ಅಷ್ಟು ಸಾಕು. ಅಂಗಡಿಯಲ್ಲಿ ಕಣ್ಣು, ಗೆಜ್ಜೆ, ಜುಟ್ಟು ಎಲ್ಲ ಇರುವ ನಕಲಿ ಮೀನುಗಳು ಸಾಲಾಗಿ ತೂಗಾಡುತ್ತವೆ. ಅವು ಮೀನಿಗಿಂತ ಮೊದಲು ಮನುಷ್ಯರನ್ನು ಹಿಡಿಯುತ್ತವೆ. ಆ ಕಡೆ ಹೋಗಬೇಡಿ.

ಮಳ್ಳನ ಥರ ಕಾಣುವ ಈ ರಬ್ಬರ್ ಹುಳುವನ್ನು ಕಡೆಗಣಿಸುವಂತಿಲ್ಲ. 1949ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ಮೆತ್ತನೆ ಪ್ಲಾಸ್ಟಿಕ್ಕಿನ ಹುಳು ಮಾಡಿ ಮಾರಲು ಶುರು ಮಾಡಿದ. ಬಾಸ್ ಹಿಡಿಯುವವರ ಡಬ್ಬಿಯಿಂದ ಅದು ಇವತ್ತಿಗೂ ಹೊರಗೆ ಹೋಗಿಲ್ಲ.

ಇನ್ನೊಂದು ಮಾತು. ಹೊರಡುವ ಮೊದಲು ಆ ನೀರಿಗೆ ಪರವಾನಗಿ ಬೇಕಾ, ಯಾವ ತಿಂಗಳು ನಿಷೇಧ, ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು ಅಂತ ಕೇಳಿಕೊಳ್ಳಿ. ನಿಯಮ ಒಂದೊಂದು ಕಡೆ ಒಂದೊಂದು ಥರ.

ಗಂಟು ಮತ್ತು ಹುಳು

ಗುಂಡಿನ ಚೂಪು ತುದಿ ಕೋಲಿನ ಕಡೆ ಇರುವಂತೆ ಮೊದಲು ದಾರವನ್ನು ಗುಂಡಿನಲ್ಲಿ ತೂರಿಸಿ. ಆಮೇಲೆ ಕೊಕ್ಕೆಯ ಕಣ್ಣಿಗೆ ದಾರ ಹಾಕಿ, ತುದಿಯನ್ನು ಮುಖ್ಯ ದಾರದ ಮೇಲೆ ಐದಾರು ಸುತ್ತು ಸುತ್ತಿ. ಕಣ್ಣಿನ ಪಕ್ಕದಲ್ಲೇ ಒಂದು ಪುಟ್ಟ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ಹಾಕಿ. ಹಾಗೆ ಹಾಕಿದಾಗ ಇನ್ನೊಂದು ದೊಡ್ಡ ಕುಣಿಕೆ ಆಗುತ್ತದಲ್ಲ, ಅದರೊಳಗೂ ಹಾಕಿ. ಉಗುಳು ಸವರಿ ನಿಧಾನಕ್ಕೆ ಬಿಗಿಯಿರಿ. ಉಗುಳು ಶಾಸ್ತ್ರಕ್ಕಲ್ಲ. ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ದಾರ ಕಡಿಯುವುದು ಸಾಮಾನ್ಯವಾಗಿ ಗಂಟಿನಲ್ಲೇ.

ಹುಳು ಸಿಕ್ಕಿಸುವುದು ಹೀಗೆ. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಗೆ ನೇರವಾಗಿ ಅರ್ಧ ಸೆಂಟಿಮೀಟರ್ ಚುಚ್ಚಿ, ಪಕ್ಕಕ್ಕೆ ಹೊರಗೆ ತನ್ನಿ. ಕೊಕ್ಕೆಯ ಕಣ್ಣು ತಲೆಯೊಳಗೆ ಅಡಗುವವರೆಗೆ ಎಳೆಯಿರಿ. ಈಗ ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಹುಳುವನ್ನು ಕೊಕ್ಕೆಯ ಪಕ್ಕ ಜೋತುಬಿಟ್ಟು, ಮೊನೆ ಎಲ್ಲಿ ಮುಟ್ಟುತ್ತದೆ ಅಂತ ನೋಡಿ ಅಲ್ಲೇ ಮತ್ತೆ ಚುಚ್ಚಿ. ಮೊನೆ ಹುಳುವಿನ ಮೈಯೊಳಗೇ ಅಡಗಿರಲಿ. ಹೀಗಿದ್ದರೆ ಕಳೆ, ಕೊಂಬೆಗಳ ನಡುವೆ ಎಳೆದರೂ ಸಿಕ್ಕಿಕೊಳ್ಳುವುದು ಕಡಿಮೆ. ಹುಳು ನೆಟ್ಟಗೆ ಇದೆಯಾ ನೋಡಿಕೊಳ್ಳಿ. ಸೊಟ್ಟಗಿದ್ದರೆ ನೀರಲ್ಲಿ ಗಿರಗಿರ ತಿರುಗಿ ದಾರವನ್ನೇ ಹುರಿ ಹಾಕುತ್ತದೆ. ನನ್ನ ರೀಲ್ ಸಿಕ್ಕಾಗಿದ್ದು ಹಾಗೇ. ಒಂದು ಲೆಕ್ಕದಲ್ಲಿ ನನ್ನ ಮೊದಲ ಮೀನಿಗೆ ನಾನು ಥ್ಯಾಂಕ್ಸ್ ಹೇಳಬೇಕಾದ್ದು ಆ ಸೊಟ್ಟ ಹುಳುವಿಗೆ.

ಎಲ್ಲಿ ಎಸೆಯುವುದು

ಬಾಸ್ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚು ಹಾಕುವುದೇ ಹೆಚ್ಚು. ನೆರಳಲ್ಲಿ ನಿಂತು, ಬೆಳಕಲ್ಲಿ ಹೋಗುವುದನ್ನು ನೋಡುತ್ತಿರುತ್ತದೆ. ಹಾಗಾಗಿ ಕೊಳದ ನಟ್ಟನಡುವೆ ದೂರ ಎಸೆದು ಹೆಮ್ಮೆ ಪಡುವುದು ದಂಡ. ಜೊಂಡಿನ ಅಂಚು, ಬಿದ್ದ ಮರ, ಕಟ್ಟೆಯ ಕಂಬ, ತಾವರೆ ಎಲೆಗಳ ಸಂದು, ತಳ ಥಟ್ಟನೆ ಆಳವಾಗುವ ಜಾಗ ಹುಡುಕಿ. ಎಷ್ಟೋ ಸಲ ಅದು ನಿಮ್ಮ ಕಾಲಿನಿಂದ ಹತ್ತು ಅಡಿಯಲ್ಲೇ ಇರುತ್ತದೆ. ಧಡಧಡ ನಡೆದು ಹೋದರೆ ನೆಲದ ಅದುರು ನೀರಿಗೂ ಹೋಗುತ್ತದೆ, ಮೀನು ತನ್ನ ಮೈಪಕ್ಕದಲ್ಲಿ ಉದ್ದಕ್ಕೂ ಇರುವ, ಅದುರು ಅರಿಯುವ ರೇಖೆಯಲ್ಲೇ ಅದನ್ನು ಗ್ರಹಿಸುತ್ತದೆ.

ಹೊತ್ತು? ಬೆಳಕು ಹರಿಯುವಾಗ, ಇಲ್ಲವೇ ಸಂಜೆ. ಮೋಡವಿದ್ದರೆ ದಿನವಿಡೀ ನಡೆಯುತ್ತದೆ.

ವಸಂತದಲ್ಲಿ ನೀರು 15 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಬಾಸ್‌ಗಳು ಮೊಟ್ಟೆ ಇಡಲು ದಂಡೆಗೆ ಬರುತ್ತವೆ. ಗಂಡು ಮೀನು ಬಾಲದಿಂದ ತಳ ಗುಡಿಸಿ ತಟ್ಟೆಯಂಥ ಗೂಡು ಮಾಡಿ, ಮೊಟ್ಟೆಗೂ ಮರಿಗೂ ಕಾವಲು ನಿಲ್ಲುತ್ತದೆ. ತಿಳಿನೀರಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅದರ ಮುಂದೆ ಹುಳು ಇಳಿಸಿದರೆ ಬಾಯಿ ಹಾಕುತ್ತದೆ, ಆದರೆ ಹಸಿವಿಗಲ್ಲ, ಅದನ್ನು ಗೂಡಿಂದ ಆಚೆ ಹಾಕಲು. ಆ ಗಂಡು ಮೀನನ್ನು ನಾವು ಮೇಲೆತ್ತಿದ ಅಷ್ಟು ಹೊತ್ತಲ್ಲಿ ಸಣ್ಣ ಮೀನುಗಳು ಮೊಟ್ಟೆಗೆ ನುಗ್ಗುತ್ತವೆ. ನಿಯಮ ಬಿಟ್ಟರೂ ನಾನು ಅದಕ್ಕೆ ಗಾಳ ಹಾಕುವುದಿಲ್ಲ.

ಎಸೆದ ಮೇಲೆ ಸುಮ್ಮನಿರುವುದು

ಹುಳು ನೀರಿಗೆ ಬಿತ್ತು. ಈಗ ಕೈ ರೀಲ್‌ನ ಹಿಡಿಗೆ ಹೋಗುತ್ತದೆ, ಸುತ್ತು ಸುತ್ತು ಅನ್ನುತ್ತದೆ. ಸುತ್ತಬೇಡಿ. ಮೊದಲು ಅದು ತಳ ಮುಟ್ಟಲಿ. ದಾರ ಬಿಗಿಯಾಗಿ ಇಳಿಯುತ್ತಾ ಇಳಿಯುತ್ತಾ ಒಮ್ಮೆ ಸಡಿಲವಾಗಿ ನೀರ ಮೇಲೆ ಮಲಗುತ್ತದೆ. ತಳ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಹತ್ತು ಎಣಿಸಿ. ಬೇಗ ಬೇಗ ಅಲ್ಲ.

ಆಮೇಲೆ ಕೋಲಿನ ತುದಿಯನ್ನು ಸೊಂಟದ ಮಟ್ಟದಿಂದ ಹಣೆಯ ಮಟ್ಟಕ್ಕೆ ಮೆಲ್ಲಗೆ ಎತ್ತಿ. ಹುಳು ತಳದಿಂದ ಒಂದಡಿ ಎದ್ದು ಮತ್ತೆ ಇಳಿಯುತ್ತದೆ. ಕೋಲು ಇಳಿಸುತ್ತಾ ಸಡಿಲ ದಾರವನ್ನಷ್ಟೇ ಸುತ್ತಿಕೊಳ್ಳಿ. ಮತ್ತೆ ಹತ್ತು ಎಣಿಸಿ. ಮೀನು ಕಚ್ಚುವುದು ಬಹುತೇಕ ಹುಳು ಇಳಿಯುವಾಗ, ಇಲ್ಲವೇ ಸುಮ್ಮನೆ ಬಿದ್ದಿರುವಾಗ. ಎತ್ತುವಾಗ ಕಡಿಮೆ.

ಕಚ್ಚುವುದು ಅನ್ನುವ ಮಾತೂ ಅಷ್ಟು ಸರಿಯಲ್ಲ. ಬಾಸ್ ಬಾಯಿಯನ್ನು ಪಟ್ಟನೆ ಅಗಲಿಸುತ್ತದೆ, ನೀರಿನ ಜೊತೆ ಹುಳು ಒಳಗೆ ಹೋಗುತ್ತದೆ, ನೀರು ಕಿವಿರಿನಿಂದ ಆಚೆ ಹೋಗುತ್ತದೆ. ಒಂದು ಹೀರು ಅಷ್ಟೇ. ರುಚಿ ಹಿಡಿಸದಿದ್ದರೆ ಅಷ್ಟೇ ಬೇಗ ಉಗಿಯುತ್ತದೆ. ಮೇಲೆ ನಿಂತವರಿಗೆ ಗೊತ್ತಾಗುವುದು ‘ಟಕ್’ ಅಂತ ಒಂದು ಸಣ್ಣ ಬಡಿತ. ಉಗುರಿನಿಂದ ಕೋಲಿಗೆ ತಟ್ಟಿದ ಹಾಗೆ. ಕೆಲವು ಸಲ ಅದೂ ಇಲ್ಲ. ದಾರ ಪಕ್ಕಕ್ಕೆ ಸರಿಯುತ್ತದೆ. ತಳ ಮುಟ್ಟುವ ಮೊದಲೇ ಸಡಿಲವಾಗುತ್ತದೆ. ಇಲ್ಲವೇ ಹುಳುವಿಗೆ ಒದ್ದೆ ಬಟ್ಟೆ ಸಿಕ್ಕಿದಂಥ ಭಾರ. ಅದಕ್ಕೇ ಕೋಲಿನ ತುದಿ ನೋಡಬೇಡಿ, ದಾರ ನೀರನ್ನು ಸೇರುವ ಜಾಗ ನೋಡಿ.

ನನ್ನ ಬೆರಳಿಗೆ ಅವತ್ತು ಏನೂ ತಟ್ಟಿರಲಿಲ್ಲ. ಕೋಲು ತೊಡೆಯ ಮೇಲಿತ್ತು. ನೀರ ಮೇಲೆ ಮಲಗಿದ್ದ ದಾರದಲ್ಲಿ ಒಂದು ಸಣ್ಣ ಬಿಲ್ಲು ಇತ್ತು. ಆ ಬಿಲ್ಲು ಮೆಲ್ಲಗೆ ನೆಟ್ಟಗಾಗುತ್ತಿತ್ತು. ಅಷ್ಟೇ ಕಂಡದ್ದು.

ಎಳೆಯುವುದು

ಭಾವ ‘ಎಳಿ’ ಅಂದರು, ನಾನು ಎದ್ದು ಬಾವಿಯಿಂದ ಕೊಡ ಎಳೆಯುವವನ ಥರ ಎಳೆದೆ. ದಾರ ಸಡಿಲ ಇದ್ದದ್ದರಿಂದ ಏನೂ ಆಗಲಿಲ್ಲ. ಮೀನು ಆಗಲೂ ಹುಳು ಬಿಟ್ಟಿರಲಿಲ್ಲ, ನನ್ನ ಅದೃಷ್ಟ. ಸರಿಯಾದ ಕ್ರಮ ಬೇರೆ. ಕೋಲಿನ ತುದಿಯನ್ನು ಮೀನಿನ ಕಡೆ ತಗ್ಗಿಸಿ, ಸಡಿಲವನ್ನೆಲ್ಲ ಬೇಗ ಸುತ್ತಿ, ಭಾರ ಕೈಗೆ ಬಂದ ಕೂಡಲೇ ಕೋಲನ್ನು ಗಟ್ಟಿಯಾಗಿ ಮೇಲಕ್ಕೆ ಎತ್ತಿ. ಕೊಕ್ಕೆ ಹುಳುವಿನ ಮೈ ಸೀಳಿ ಆಚೆ ಬಂದು ದವಡೆಗೆ ನಾಟಬೇಕು, ಅದಕ್ಕೆ ಸ್ವಲ್ಪ ಜೋರು ಬೇಕು. ಎರಡನೇ ಎಳೆತಕ್ಕೆ ನಾಟಿತು.

ರೀಲ್‌ನಲ್ಲಿ ಡ್ರ್ಯಾಗ್ ಎಂಬ ತಿರುಪು ಇರುತ್ತದೆ. ಕೈಯಿಂದ ಜೋರಾಗಿ ಎಳೆದಾಗ ದಾರ ಜಾರುವಷ್ಟು ಅದನ್ನು ಮೊದಲೇ ಸಡಿಲಿಸಿಟ್ಟಿರಿ. ಮೀನು ಓಡಿದರೆ ಓಡಲಿ, ಕಡಿಯುವುದಕ್ಕಿಂತ ಅದು ಮೇಲು. ದಾರ ಮಾತ್ರ ಸಡಿಲವಾಗಬಾರದು. ಬಾಸ್ ನೀರಿಂದ ಮೇಲೆ ನೆಗೆದು ಬಾಯಿ ತೆರೆದು ತಲೆ ಕೊಡವುತ್ತದೆ, ಕೊಕ್ಕೆ ಕಳಚಲು. ದಾರ ಮೇಲೇರುತ್ತಿರುವುದು ಕಂಡರೆ ಕೋಲನ್ನು ನೀರಿನ ಮಟ್ಟಕ್ಕೆ ತಗ್ಗಿಸಿ. ನನ್ನದು ಒಂದೇ ಸಲ ನೆಗೆಯಿತು. ಹಸಿರು ಮೈ, ಬಿಳಿ ಹೊಟ್ಟೆ, ಒಳಗೆ ಕೈ ಹಾಕಬಹುದಾದಷ್ಟು ಬಾಯಿ. ಭಾರೀ ಮೀನು ಅಂದುಕೊಂಡೆ. ದಂಡೆಗೆ ಬಂದಾಗ ನನ್ನ ಮಣಿಕಟ್ಟಿನಿಂದ ಮೊಣಕೈವರೆಗೆ ಇತ್ತು.

ದೊಡ್ಡದರ ಲೆಕ್ಕ ಬೇಕಾದರೆ ಇದು: 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ ಲಾರ್ಜ್‌ಮೌತ್ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೊ ಇತ್ತು. 77 ವರ್ಷ ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕಿಂತ ಒಂದು ಔನ್ಸಿನಷ್ಟು ಜಾಸ್ತಿ ತೂಗಿತು. ಆದರೆ ಹೊಸ ದಾಖಲೆಗೆ ಎರಡು ಔನ್ಸಾದರೂ ಹೆಚ್ಚಿರಬೇಕು. ಹಾಗಾಗಿ ಇಬ್ಬರಿಗೂ ಸಮಪಾಲು.

ಕೈಗೆ ಬಂದ ಮೇಲೆ

ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರಕ್ಷಣೆ. ಒಣ ಕೈ ಅದನ್ನು ಒರೆಸಿಬಿಡುತ್ತದೆ. ಹೆಬ್ಬೆರಳನ್ನು ಕೆಳತುಟಿಯೊಳಗೆ ಇಟ್ಟು, ತೋರುಬೆರಳನ್ನು ದವಡೆಯ ಕೆಳಗೆ ಕೊಟ್ಟು ಹಿಡಿಯಿರಿ. ಹೆದರಬೇಡಿ, ಹಲ್ಲು ಉಪ್ಪುಕಾಗದದ ಥರ ತರಿತರಿ ಇರುತ್ತವೆ ಅಷ್ಟೇ. ಹಾಗೆ ಹಿಡಿದರೆ ಸಣ್ಣ ಬಾಸ್ ಒದ್ದಾಡುವುದನ್ನು ಬಿಟ್ಟು ಸುಮ್ಮನಾಗುತ್ತದೆ. ದೊಡ್ಡದಾದರೆ ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ. ಬರೀ ದವಡೆಯಲ್ಲಿ ಅಡ್ಡ ಎತ್ತಿದರೆ ಅದರ ಭಾರಕ್ಕೆ ದವಡೆಯೇ ಪೆಟ್ಟು ತಿನ್ನುತ್ತದೆ.

ಕೊಕ್ಕೆಯ ಬುಡವನ್ನು ಇಕ್ಕಳದಲ್ಲಿ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ. ಕೊಕ್ಕೆಯ ಮೊನೆ ಹತ್ತಿರ ಹಿಂದಕ್ಕೆ ಚಾಚಿರುವ ಮುಳ್ಳನ್ನು ಮನೆಯಲ್ಲೇ ಅದುಮಿ ಚಪ್ಪಟೆ ಮಾಡಿಕೊಂಡು ಹೋಗಿದ್ದರೆ ಇದು ಎರಡು ಸೆಕೆಂಡಿನ ಕೆಲಸ. ಗಂಟಲಿಗೆ ಇಳಿದಿದ್ದರೆ ಕಿತ್ತಾಡಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಫೋಟೊ ಬೇಕಲ್ವಾ? ಕ್ಯಾಮೆರಾ ಸಿದ್ಧವಾಗುವವರೆಗೆ ಮೀನು ನೀರಲ್ಲೇ ಇರಲಿ. ಎತ್ತಿದಾಗ ನೀವೂ ಉಸಿರು ಕಟ್ಟಿಕೊಳ್ಳಿ. ನಿಮಗೆ ಉಸಿರು ಬೇಕು ಅನ್ನಿಸಿದಾಗ ಅದಕ್ಕೂ ನೀರು ಬೇಕು. ನನ್ನ ಫೋಟೊದಲ್ಲಿ ಮೀನಿನ ಬಾಲ, ನನ್ನ ಮೂಗು, ಭಾವನ ಬೆರಳು ಮೂರೂ ಬಂದಿವೆ.

ಬಿಡುವಾಗ ಎಸೆಯಬೇಡಿ. ನೀರಲ್ಲಿ ನೆಟ್ಟಗೆ ಹಿಡಿದು ನಿಲ್ಲಿ, ಅದು ತಾನಾಗಿ ಬಾಲ ಬೀಸಿ ಹೋಗುತ್ತದೆ. ಅಮೆರಿಕದ ಬಾಸ್ ಹಿಡಿಯುವ ಪಂದ್ಯಗಳಲ್ಲಿ ಆಯೋಜಕ ರೇ ಸ್ಕಾಟ್ 1972ರಲ್ಲಿ ಶುರು ಮಾಡಿದ ಮೀನು ಬಿಡುವ ಪದ್ಧತಿ ಈಗ ರೂಢಿಯೇ ಆಗಿದೆ. ಆದರೆ ಎಲ್ಲ ಕಡೆ ಇದು ಪುಣ್ಯದ ಕೆಲಸ ಅಲ್ಲ. ಬಾಸ್ ಹೊರಗಿನಿಂದ ಬಂದು ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತಿರುವ ಕಡೆ ನಿಯಮ ಉಲ್ಟಾ. ಬಿವಾ ಸರೋವರದಲ್ಲಿ 2003ರಿಂದ, ಹಿಡಿದ ಬಾಸ್ ಅನ್ನು ವಾಪಸ್ ನೀರಿಗೆ ಬಿಡುವಂತಿಲ್ಲ.

ಮರುದಿನ ಹೆಬ್ಬೆರಳಿನ ಚರ್ಮ ಒರಟಾಗಿರುತ್ತದೆ. ನಾನು ಎರಡು ದಿನ ಅದನ್ನು ಸವರಿಕೊಂಡು ಓಡಾಡಿದೆ.

ಕೊನೆಗೆ, ಜನ ಖುಷಿಯಲ್ಲಿ ಮರೆಯುವ ಹಂತ ಒಂದಿದೆ. ಮೀನು ಸಿಕ್ಕಿದ ಮೇಲೆ ಕೊಕ್ಕೆಯ ಮೇಲಿನ ಎರಡಡಿ ದಾರವನ್ನು ಬೆರಳ ನಡುವೆ ಎಳೆದು ನೋಡಿ. ಹಲ್ಲಿಗೆ, ದಿಮ್ಮಿಗೆ ಉಜ್ಜಿ ತರಿಯಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಭಾವ ಹೇಳಿದರು, ನಾನು ಕೇಳಲಿಲ್ಲ. ಅರ್ಧ ಗಂಟೆ ಬಿಟ್ಟು ಅದೇ ದಿಮ್ಮಿಯ ಪಕ್ಕ ದಾರ ಮತ್ತೆ ಸರಿಯಿತು. ಈ ಸಲ ತುದಿ ತಗ್ಗಿಸಿದೆ, ಸಡಿಲ ಸುತ್ತಿದೆ, ಸರಿಯಾಗಿಯೇ ಎತ್ತಿದೆ. ಮೊದಲನೆಯದಕ್ಕಿಂತ ಎರಡು ಪಟ್ಟು ಇತ್ತು ಅಂತ ಭಾವ ಈಗಲೂ ಹೇಳುತ್ತಾರೆ. ಅವರೂ ಅದನ್ನು ನೋಡಿಲ್ಲ, ನಾನೂ ನೋಡಿಲ್ಲ. ಗುಂಡು, ಕೊಕ್ಕೆ, ಹುಳು ಯಾವುದೂ ಇಲ್ಲದ ದಾರ ಸುರುಳಿ ಸುರುಳಿಯಾಗಿ ನೀರ ಮೇಲೆ ಬಂದು ಬಿತ್ತು.