ಠಾಣೆಯಿಂದ ಕರೆ ಬಂದಾಗ: ಮುಂಬೈನ ಕನ್ನಡ ವರದಿಗಾರರಿಗೆ

ಸುದ್ದಿ ಅಚ್ಚಾದ ಮರುದಿನ ‘ಸುಮ್ಮನೆ ಬಂದು ಹೋಗಿ’ ಎಂದು ಠಾಣೆಯಿಂದ ಫೋನ್ ಬಂದರೆ ಓಡಬೇಡಿ. ಲಿಖಿತ ನೋಟಿಸ್ ಕೇಳಿ, ಬಂದೊಡನೆ ಕಲಂ ನೋಡಿ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 179 ಎಂದಿದ್ದರೆ ಕರೆದಿರುವುದು ಸಾಕ್ಷಿಯಾಗಿ. ಮಹಿಳೆಯರನ್ನೂ 60 ದಾಟಿದ ಪುರುಷರನ್ನೂ ಅವರ ಮನೆಯಲ್ಲೇ ವಿಚಾರಿಸಬೇಕು. 35(3) ಎಂದಿದ್ದರೆ ಅನುಮಾನ ನಿಮ್ಮ ಮೇಲೆಯೇ. ಮೊದಲು ವಕೀಲರನ್ನು ಕಾಣಿ, ಆದರೆ ಹೋಗದೆ ಇರಬೇಡಿ. ಗೈರುಹಾಜರಿಯೇ ಬಂಧನಕ್ಕೆ ಕಾರಣವಾದೀತು. 94 ಎಂದರೆ ದಾಖಲೆ ಅಥವಾ ಸಾಧನ ಕೇಳಿದ್ದಾರೆ.

ಹೆಚ್ಚು ಎಡವಟ್ಟಾಗುವುದು ಮೊಬೈಲ್ ಜಪ್ತಿಯಲ್ಲಿ. ಕಲಂ 105ರಂತೆ ಜಪ್ತಿಯ ವಿಡಿಯೊ ಚಿತ್ರೀಕರಣ ಆಗಲೇಬೇಕು. ಪಂಚನಾಮೆ (ಜಪ್ತಿಯ ಮಹಜರು) ಮರಾಠಿಯಲ್ಲಿರುತ್ತದೆ, ಮಾತನಾಡಲು ಬರುವ ಮರಾಠಿ ಇಲ್ಲಿ ಸಾಲದು, ಸಾಲುಸಾಲಾಗಿ ಓದಿಸಿ ಅರ್ಥ ಮಾಡಿಕೊಂಡೇ ಸಹಿ ಹಾಕಿ. ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ), ಸಿಮ್, ಮೆಮೊರಿ ಕಾರ್ಡ್ ಬೇರೆ ಬೇರೆಯಾಗಿ ನಮೂದಾಗಲಿ. ಹ್ಯಾಶ್ ಮೌಲ್ಯ (ಫೋನಿನೊಳಗಿನ ಮಾಹಿತಿಯಿಂದ ಲೆಕ್ಕ ಹಾಕುವ, ಮಾಹಿತಿ ಬದಲಾದರೆ ತಾನೂ ಬದಲಾಗುವ ಗುರುತು) ಬರೆಸಲು ಕೇಳಿ. ಅದಿಲ್ಲದಿದ್ದರೆ ಆಮೇಲೆ ಫೋನಿನೊಳಗೆ ಏನಾದರೂ ಸೇರಿದೆ ಎಂದು ತೋರಿಸುವುದು ಕಷ್ಟ.

ಸುದ್ದಿಮೂಲ ಹೇಳದಿರುವ ಹಕ್ಕು ಕಾನೂನಿನಲ್ಲೇ ಇದೆ ಎಂಬ ನಂಬಿಕೆ ಅರ್ಧ ಸತ್ಯ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ರಕ್ಷಣೆ ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಆ ಕೌನ್ಸಿಲ್ ಮುಂದೆ ಮಾತ್ರ, ಠಾಣೆಯಲ್ಲಿ ಅಲ್ಲ. ಹಾಗಾಗಿ ಮೂಲದವರ ಹೆಸರು ಫೋನಿನಲ್ಲಿ ಇರದಿರುವುದೇ ಲೇಸು.

ವರದಿಗೆ ಹೋದಾಗ ಹಲ್ಲೆಯಾದರೆ ದೂರಿನಲ್ಲಿ ಮಹಾರಾಷ್ಟ್ರದ 2017ರ ಮಾಧ್ಯಮ ರಕ್ಷಣಾ ಕಾಯ್ದೆಯನ್ನು ಹೆಸರಿಸಿ: 3 ವರ್ಷದವರೆಗೆ ಜೈಲು, 50,000 ರೂ.ವರೆಗೆ ದಂಡ, ಅಥವಾ ಎರಡೂ. ಸುಳ್ಳು ದೂರಿಗೂ ಶಿಕ್ಷೆಯಿದೆ, ಹಾಗಾಗಿ ಉಪ್ಪುಖಾರ ಬೆರೆಸಬೇಡಿ.